ಕಂಪನಿ ಕಾರು, ತಂಗಿಯ ಕಾರು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ಚಿಕ್ಕವರಿದ್ದಾಗ ಅವ್ವ ತಂಗಿಗೆ ಎರಡು ಜಡೆ ಹಾಕಿದರೆ ನಾನು ನನ್ನ ಒಂದು ಜಡೆಯನ್ನೂ ಬಿಚ್ಚಿ ಮುಖ ಊದಿಸಿಕೊಂಡು ಕೂಡುತ್ತಿದ್ದೆ. ಅವಳಿಗಿಂತ ನಾನು ನಾಲ್ಕು ವರ್ಷ ದೊಡ್ಡವಳು. ದೊಡ್ಡವಳಾದವಳಿಗೆ ದೊಡ್ಡ ಮನಸ್ಸಿರಬೇಕು ಎಂದು ಮನೆಮಂದಿಯೆಲ್ಲ ಹೇಳಿದರು. ಅದನ್ನು ಎಲ್ಲಿಂದ ತರಬೇಕು ಎಂದು ಒಬ್ಬರೂ ಹೇಳಲಿಲ್ಲ.

ನಮ್ಮ ತವರು ಬ್ಯಾಡಗಿ. ಅಣ್ಣನದು ಮೆಣಸಿನಕಾಯಿ ದಲಾಲಿ ಅಂಗಡಿ, ಅವ್ವ ಅವನ ಜೊತೆಗೇ ಇದ್ದಳು. ನಮ್ಮಿಬ್ಬರನ್ನೂ ಒಂದೇ ಬೀಜದ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಕೊಟ್ಟಿದ್ದರು. ನನ್ನವರು ರಾಣೆಬೆನ್ನೂರಿನಲ್ಲಿ, ತಂಗಿಯ ಗಂಡ ಹಾವೇರಿಯಲ್ಲಿ. ರೈತರ ಹೊಲದಲ್ಲಿ ಹತ್ತಿಯ ಗಂಡು ಹೂವನ್ನು ಹೆಣ್ಣು ಹೂವಿಗೆ ಕೈಯಿಂದ ಸವರಿ ಹೈಬ್ರಿಡ್ ಬೀಜ ಮಾಡಿಸುವ ಕೆಲಸ. ಅದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಿದ್ದರು. ಕ್ರಾಸಿಂಗ್ ಹಂಗಾಮಿನಲ್ಲಿ ಇಬ್ಬರು ಗಂಡಸರೂ ಬೆಳಿಗ್ಗೆ ಹೊರಬಿದ್ದರೆ ಹೊಲದಿಂದ ಹೊಲಕ್ಕೆ ಮೋಟರ್ ಸೈಕಲ್ ಮೇಲೆ ಅಲೆದು, ಸಂಜೆ ಕಣ್ಣುರೆಪ್ಪೆಯ ಮೇಲೂ ಮಣ್ಣು ಹೊತ್ತುಕೊಂಡು ಮನೆಗೆ ಬರುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಇಬ್ಬರಿಗೂ ಒಟ್ಟಿಗೇ ಬಡ್ತಿ ಬಂತು, ಜೊತೆಗೆ ಹುಬ್ಬಳ್ಳಿ ಆಫೀಸಿನಿಂದ ಒಂದು ಕಾಗದ. ಇನ್ನು ಮೇಲೆ ನಿಮಗೆ ಕಾರು. ಅದರಲ್ಲಿ ಎರಡು ದಾರಿ. ಕಂಪನಿಯೇ ಕಾರು ಕೊಡುತ್ತದೆ, ಡ್ರೈವರನನ್ನೂ ಪೆಟ್ರೋಲನ್ನೂ ಕೊಡುತ್ತದೆ, ಆದರೆ ಅದು ಕಂಪನಿಯ ಸ್ವತ್ತು. ಇಲ್ಲವಾದರೆ ನೀವೇ ಒಂದು ಕಾರು ಮಾಡಿಕೊಳ್ಳಿ, ಅದನ್ನು ಕಂಪನಿ ನಿಮ್ಮಿಂದ ತಿಂಗಳ ಬಾಡಿಗೆಗೆ ಹಿಡಿಯುತ್ತದೆ. ಒಮ್ಮೆ ಸಹಿ ಮಾಡಿದರೆ ನಾಲ್ಕು ವರ್ಷ ಬದಲಾಯಿಸುವ ಹಾಗಿಲ್ಲ.

ಅಣ್ಣನಿಗೆ ಎರಡನೆಯದು ತಿಳಿಯಲೇ ಇಲ್ಲ. "ಅಂದ್ರ ಹೊಲ ಲಾವಣಿಗೆ ಹಾಕಿದಂಗ ಗಾಡಿ ಲಾವಣಿಗೆ ಹಾಕೋದೇನು? ಗಾಡಿ ನಿಮ್ದ, ಓಡಿಸಾವ್ರೂ ನೀವ, ಲಾವಣಿ ಕೊಡಾವ್ರು ಅವ್ರು?" ಎಂದು ನಕ್ಕ. ನಮ್ಮ ಕಡೆ ಹೊಲದ ಗೇಣಿಗೆ ಲಾವಣಿ ಎನ್ನುತ್ತಾರೆ.

ನನ್ನವರು ಕಾಗದವನ್ನು ನನ್ನ ಕೈಗೆ ಕೊಟ್ಟು, "ನೋಡು, ನಿನಗ ಯಾವುದು ಛಲೋ ಅನಸ್ತೈತಿ" ಎಂದರು. ಇದನ್ನು ಒತ್ತಿ ಹೇಳುತ್ತೇನೆ, ಅವರು ನನ್ನನ್ನು ಕೇಳಿದ್ದರು. ನಾನು ಓದಿ ಮುಗಿಸುವ ಮೊದಲೇ ಡ್ರೈವರ್ ಬಾಗಿಲು ತೆರೆದು ನಿಂತಿರುವುದು ನನ್ನ ಕಣ್ಣಿಗೆ ಬಂದುಬಿಟ್ಟಿತ್ತು. ಅಷ್ಟರಲ್ಲಿ ತಂಗಿಯ ಗಂಡ ಸ್ವಂತ ಕಾರಿನ ದಾರಿ ಹಿಡಿಯುತ್ತಾನಂತೆ, ಯಾರೋ ಓಡಿಸಿಬಿಟ್ಟ ಹಸಿರು ಬಣ್ಣದ ಹಳೆಯ ಕಾರು ನೋಡಿದ್ದಾನಂತೆ ಎಂಬ ಸುದ್ದಿ ಬಂತು. ಆಮೇಲೆ ಯೋಚನೆ ಮಾಡುವುದೇನಿತ್ತು?

"ಕಂಪನಿದ ತಗೋರಿ. ಹಳೇ ಗಾಡಿ ಕಟಗೊಂಡು ಪಂಕ್ಚರ್ ಅಂಗಡಿ ಮುಂದ ನಿಂದ್ರೋದು ಅವರಿಗೆ ಇರ್ಲಿ" ಎಂದೆ. ತಂಗಿ ಸಿಕ್ಕಾಗ ಅವಳಿಗೂ ಇದೇ ಮಾತು ಹೇಳಿದೆ. ಅವಳು ನಗುತ್ತ, "ಹೂಂ ಅಕ್ಕ, ನಮಗ ಅಷ್ಟ ಸಾಕು" ಎಂದಳು. ಆ ನಗೆಯಲ್ಲಿ ಕುಹಕ ಹುಡುಕಿದೆ, ಸಿಗಲಿಲ್ಲ. ಅದೂ ನನಗೆ ಸಿಟ್ಟು ತರಿಸಿತು.

ಬಿಳಿಯ ಅಂಬಾಸಿಡರ್ ಕಾರು ಮನೆ ಮುಂದೆ ಬಂದು ನಿಂತ ದಿನ ನಾನು ಅಂಗಳಕ್ಕೆ ಎರಡು ಸಲ ರಂಗೋಲಿ ಹಾಕಿದೆ. ಬಾಗಿಲ ಮೇಲೆ ಕಂಪನಿಯ ಹೆಸರು, ಅದರ ಕೆಳಗೆ ಒಂದು ಹತ್ತಿಕಾಯಿಯ ಚಿತ್ರ. ಅರಳೆಯಂಥ ಮೀಸೆಯ ವಯಸ್ಸಾದ ಡ್ರೈವರ್ ಇಳಿದು, "ನಮಸ್ಕಾರ್ರಿ ಬಾಯಾರ" ಎಂದ. ಆ "ಬಾಯಾರ" ಎನ್ನುವುದನ್ನು ಓಣಿಯ ಹೆಂಗಸರು ಕೇಳಿಸಿಕೊಂಡರೋ ಇಲ್ಲವೋ ಎಂದು ತಿರುಗಿ ನೋಡಿದೆ. ಕೇಳಿಸಿಕೊಂಡಿದ್ದರು.

ಮರುದಿನವೇ ಹೊಸ ಸೀರೆ ಉಟ್ಟು, ತವರಿಗೆ ಹೋಗಿಬರೋಣ ಎಂದೆ. ನನ್ನವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿಕೊಂಡರೆಂದರೆ ಇಲ್ಲ ಎನ್ನುತ್ತಾರೆ ಎಂದೇ ಅರ್ಥ. "ಅದು ಕಂಪನಿ ಗಾಡಿ. ಎಲ್ಲಿಂದ ಎಲ್ಲಿಗೆ, ಯಾಕ ಹೋಯ್ತು ಅಂತ ಲಾಗ್ ಬುಕ್ಕಿನ್ಯಾಗ ಬರೀಬೇಕು. ಹೆಂಡ್ತಿ ತವರುಮನಿ ಅಂತ ಬರೀಲೇನು?"

"ಬ್ಯಾಡಗಿ ಕಡೆ ಹೊಲ ನೋಡಾಕ ಅಂತ ಬರೀರಿ. ಯಾರು ಬಂದು ನೋಡ್ತಾರ?"

"ನಾ ನೋಡ್ತೇನಲ್ಲ" ಎಂದರು. ಮಾತು ಮುಗಿಯಿತು. ನನ್ನವರು ಜಗಳಕ್ಕೆ ಬರುವವರಲ್ಲ, ಅದಕ್ಕೇ ಅವರ ಜೊತೆ ಜಗಳದಲ್ಲಿ ಗೆಲ್ಲಲು ಆಗುತ್ತಿರಲಿಲ್ಲ. ನಿಯತ್ತು ಎಂಬುದನ್ನು ಅವರು ಹಲ್ಲುಜ್ಜಿದಂತೆ ದಿನಾ ಪಾಲಿಸುತ್ತಿದ್ದರು, ಅದಕ್ಕೆ ಜಂಬವನ್ನೂ ಪಡುತ್ತಿರಲಿಲ್ಲ. ಅಂಥವರ ಹೆಂಡತಿಯಾಗಿರುವುದು ಎಷ್ಟು ಕಷ್ಟ ಎಂದು ಅವರನ್ನು ಹೊಗಳುವವರಿಗೇನು ಗೊತ್ತು.

ಹೀಗಾಗಿ ನಾನು ಮೊದಲಿನಂತೆ ಕೆಂಪು ಬಸ್ಸು ಹತ್ತಿದೆ. ಒಂದು ಬೆಳಿಗ್ಗೆ ಬ್ಯಾಡಗಿಗೆ ಹೊರಟಿದ್ದೆ. ನನ್ನವರಿಗೂ ಆ ದಿನ ಆ ಕಡೆಯೇ ಹೊಲ ನೋಡುವ ಕೆಲಸವಿತ್ತು. ಮೋಟೆಬೆನ್ನೂರಿಗೆ ಸ್ವಲ್ಪ ಮುಂಚೆ ಬಿಳಿ ಕಾರು ನಮ್ಮ ಬಸ್ಸಿನ ಪಕ್ಕಕ್ಕೆ ಬಂತು. ಹಿಂದಿನ ಸೀಟಿನಲ್ಲಿ ನನ್ನವರು ಒಬ್ಬರೇ, ತೊಡೆಯ ಮೇಲೆ ಫೈಲು. ಉಳಿದ ಸೀಟೆಲ್ಲ ಖಾಲಿ. ಡ್ರೈವರ್ ನನ್ನನ್ನು ಕಂಡು ಮರ್ಯಾದೆಗೆ ಹಾರ್ನ್ ಹೊಡೆದು ಮುಂದೆ ಹೋದ. ಪಕ್ಕದಲ್ಲಿದ್ದ ಹೆಂಗಸು ಕುತ್ತಿಗೆ ಚಾಚಿ, "ನಿಮ್ಮ ಯಜಮಾನ್ರ ಗಾಡಿ ಅಲ್ಲೇನ್ರಿ ಅದು?" ಎಂದಳು.

"ಅಲ್ರಿ" ಎಂದೆ. ಅವಳು ನನ್ನನ್ನೂ ಕಾರನ್ನೂ ಒಂದು ಸಲ ನೋಡಿದಳು.

ಇತ್ತ ತಂಗಿಯ ಹಸಿರು ಕಾರು ಮಾತ್ರ ಎಲ್ಲ ಕಡೆಯೂ ಹೋಗುತ್ತಿತ್ತು. ಅದಕ್ಕೂ ಒಂದು ಕರಾರಿತ್ತು. ರವಿವಾರ ಬಿಟ್ಟು ಉಳಿದ ದಿನ ಹಗಲು ಹೊತ್ತು ಅದು ಕಂಪನಿಯ ಕೆಲಸಕ್ಕೆ ಮಾತ್ರ. ಆದರೆ ತಂಗಿಯ ಗಂಡ ನನ್ನವರಂತಲ್ಲ. ಹೊಲಕ್ಕೆ ಹೋಗುವ ದಾರಿಯಲ್ಲೇ ಅಗಡಿಯ ನೆಂಟರ ಮನೆ, ಬರುವ ದಾರಿಯಲ್ಲೇ ಸಂತೆ. ಕೆಲಸವನ್ನೂ ಕೆಡಿಸುತ್ತಿರಲಿಲ್ಲ, ಮನೆಮಂದಿಯನ್ನೂ ಬಿಡುತ್ತಿರಲಿಲ್ಲ. ಅವನು ಲುಚ್ಚಾ ಆಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಳ್ಳೆಯ ಮನುಷ್ಯನಾಗಿದ್ದ, ಏನು ಮಾಡುವುದು.

ಅವ್ವನಿಗೆ ಆಗ ಮೊಣಕಾಲು ಹಿಡಿದುಬಿಟ್ಟಿತ್ತು. ಎಲುಬಿನ ಡಾಕ್ಟರು ಹಾವೇರಿಗೆ ಬುಧವಾರ ಮಾತ್ರ ಬರುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಹೋಗಿ ಸೂಜಿ ಮಾಡಿಸಿಕೊಳ್ಳಬೇಕು. ತಂಗಿಯ ಗಂಡ ಬ್ಯಾಡಗಿ ಕಡೆಯ ಹೊಲಗಳನ್ನು ಬುಧವಾರಕ್ಕೇ ಇಟ್ಟುಕೊಂಡು, ಅತ್ತೆಯನ್ನು ಮನೆ ಬಾಗಿಲಿನಿಂದ ಹತ್ತಿಸಿಕೊಂಡು ಹೋಗಿ, ಸಂಜೆ ತಂದು ಬಿಡುತ್ತಿದ್ದ. ಅವ್ವ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂಡುತ್ತಿದ್ದಳು. ಕಾಲಡಿಗೆ ಮೆತ್ತಗಿರಲಿ ಎಂದು ತಂಗಿ ಒಂದು ಕೌದಿ ಹೊಲಿದಿದ್ದಳು. ಆ ಕೌದಿಯಲ್ಲಿ ನಾನು ಉಟ್ಟು ಬಿಟ್ಟ ಇಳಕಲ್ ಸೀರೆಯ ತುಂಡುಗಳೂ ಇದ್ದವು. ನನ್ನ ಹಳೆಯ ಸೀರೆ ಆ ಕಾರಿನಲ್ಲಿ ಕುಳಿತು ತಿರುಗುತ್ತಿತ್ತು, ನಾನು ಬಸ್ಸಿನಲ್ಲಿ ಜೋಲಿ ಹೊಡೆಯುತ್ತಿದ್ದೆ.

ತವರಿಗೆ ಹೋದಾಗಲೆಲ್ಲ ಅವ್ವನ ಬಾಯಲ್ಲಿ ಅದೇ ಮಾತು. "ಸಣ್ಣಾಕಿ ಗಾಡ್ಯಾಗ ಹೋದ್ರ ಹೊಟ್ಟ್ಯಾಗಿನ ನೀರು ಅಲಗಂಗಿಲ್ಲ ನೋಡು." "ಸಣ್ಣಾಕಿ ಗಾಡಿ ಕಿಟಕಿ ಎಷ್ಟ ಅಗಲ ಅಂತಿ." ನಾನು ರಾಣೆಬೆನ್ನೂರಿನಿಂದ ಹೊತ್ತು ತಂದ ಹಣ್ಣಿನ ಚೀಲ ಅವಳ ಪಕ್ಕದಲ್ಲಿ ಹಾಗೇ ಬಿದ್ದಿರುತ್ತಿತ್ತು. ಚಿಕ್ಕಂದಿನಿಂದ ನನಗೆ ಬೇಕಾಗಿದ್ದದ್ದು ಒಂದೇ. ಅವ್ವ ಒಂದು ಸಲವಾದರೂ, ದೊಡ್ಡಾಕಿ ಇದ್ದಾಳಂತ ನನ್ನ ಜೀವನ ನಡೀತು, ಎನ್ನಬೇಕು. ಅದೇ ಮಾತು ಈಗ ಹಸಿರು ಕಾರಿನ ಪಾಲಾಗುತ್ತಿತ್ತು. ನನ್ನ ಮೈಯೆಲ್ಲ ಉರಿಯುತ್ತಿತ್ತು, ಮತ್ತು ಆ ಕಾಗದದ ಮೇಲೆ ಸಹಿ ಹಾಕಿಸಿದವಳು ನಾನೇ ಎಂಬುದು ಆ ಉರಿಗೆ ಎಣ್ಣೆ ಹಾಕುತ್ತಿತ್ತು.

ಎರಡು ವರ್ಷ ಹೀಗೇ ಹೋಯಿತು. ಒಂದು ಸಲ ತಂಗಿ, "ಅವ್ವಂದು ಕಾಗಿನೆಲಿ ಹರಕಿ ಐತಿ, ನೀನೂ ಬಾ ಅಕ್ಕ" ಎಂದು ಹೇಳಿಕಳಿಸಿದಳು. ಕ್ರಾಸಿಂಗ್ ಹಂಗಾಮು, ಗುರುವಾರ. ರವಿವಾರಕ್ಕೆ ಇಟ್ಟುಕೊಳ್ಳಬಹುದಿತ್ತು, ಆದರೆ ಅವ್ವ ಹರಕೆ ಹೊತ್ತಿದ್ದೇ ಗುರುವಾರಕ್ಕೆ. ನಾನು ಅಂಜೂರಿ ಬಣ್ಣದ ಸೀರೆ ಉಟ್ಟು ಬಸ್ಸಿನಲ್ಲಿ ಬ್ಯಾಡಗಿಗೆ ಹೋದೆ. ಹಿಂದಿನ ಸೀಟು ಅವ್ವನ ಕಾಲಿಗೆ ಬೇಕು, ಅದಕ್ಕೆ ತಂಗಿ ತನ್ನ ಕೂಸನ್ನು ಎತ್ತಿಕೊಂಡು ಅವಳ ಹತ್ತಿರ ಮುದುಡಿ ಕುಳಿತು ನನ್ನನ್ನು ಮುಂದೆ ಕೂಡಿಸಿದಳು. ಕಿಟಕಿ ಖರೇನೇ ಅಗಲವಾಗಿತ್ತು. ಹೊಲಗಳಲ್ಲಿ ಹೆಂಗಸರು ಬಗ್ಗಿ ಹೂವು ಸವರುತ್ತಿದ್ದುದು ಕಾಣುತ್ತಿತ್ತು. ಸುಖವಾಗಿತ್ತು. ಸುಖವಾಗಿದೆ ಎಂಬುದೇ ನನಗೆ ಸಹಿಸಲಾಗಲಿಲ್ಲ.

ದೇವರ ದರ್ಶನ ಮುಗಿಸಿ ಬುತ್ತಿ ಬಿಚ್ಚಿದೆವು. ರೊಟ್ಟಿ ಮುರಿಯುತ್ತ ಅವ್ವ ತಂಗಿಯ ಗಂಡನನ್ನು ನೋಡಿ, "ಪುಣ್ಯಾತ್ಮ ಇದ್ದೀಯಪ್ಪಾ ನೀ" ಎಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನ ಕಡೆ ತಿರುಗಿ ಕೆಣಕುವ ದನಿಯಲ್ಲಿ, "ದೊಡ್ಡ ಅಳಿಯಾನೂ ನಿಯತ್ತಿನ ಮನಶ್ಯಾ. ಆದ್ರ ನಿಯತ್ತಿನ ಮ್ಯಾಲ ಕುಂತ್ಕೊಂಡು ಕಾಗಿನೆಲಿಗೆ ಬರಾಕ ಆಗತೈತೇನು?" ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನವರನ್ನು ನಾನು ಎಷ್ಟು ಬೇಕಾದರೂ ಬೈಯುತ್ತೇನೆ, ಬೇರೆಯವರು ನಗುವುದನ್ನು ನೋಡಲಾರೆ. ಮನೆಗೆ ಬಂದ ಮೇಲೆ ಇದೇ ನೆಪವನ್ನು ನನಗೆ ನಾನು ಕೊಟ್ಟುಕೊಂಡೆ. ಮರುದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಕಂಪನಿಗೆ ಒಂದು ಮೂಗರ್ಜಿ ಬರೆದೆ. ಹೆಸರು ಹಾಕದೆ ಬರೆಯುವ ಆ ದೂರಿನ ಕಾಗದಕ್ಕೆ ನಮ್ಮ ಕಡೆ ಬರಗಾಲವಿರಲಿಲ್ಲ. ಮಾಸ್ತರರ ಮೇಲೆ, ಪೋಸ್ಟ್‌ಮನ್ನನ ಮೇಲೆ, ಆಗದವರ ಮೇಲೆ ಯಾರಾದರೂ ಬರೆಯುತ್ತಲೇ ಇರುತ್ತಿದ್ದರು. ಅಕ್ಷರ ಗುರುತು ಸಿಗಬಾರದೆಂದು ಎಲ್ಲ ಅಕ್ಷರವನ್ನೂ ಎಡಕ್ಕೆ ವಾಲಿಸಿದೆ. ಕೊನೆಗೆ "ಇಂತಿ, ನೊಂದ ರೈತರು" ಎಂದು ಮುಗಿಸಿದೆ.

ಒಮ್ಮೆ ಬರೆಯಲು ಕುಳಿತ ಮೇಲೆ ಕೈ ನಿಲ್ಲಲಿಲ್ಲ. ಹಾವೇರಿಯ ಸಾಹೇಬರು ಕ್ರಾಸಿಂಗ್ ಹಂಗಾಮಿನಲ್ಲಿ ಹೊಲ ಬಿಟ್ಟು, ಕಂಪನಿ ಬಾಡಿಗೆ ಕೊಡುವ ಕಾರಿನಲ್ಲಿ ಗುರುವಾರ ಕಾಗಿನೆಲೆಗೆ ಹೋಗಿದ್ದರು. ಹಿಂದಿನ ಸೀಟಿನಲ್ಲಿ ಕೌದಿ ಹಾಸಿ ಒಬ್ಬ ಮುದುಕಿಯನ್ನು ಕಾಲು ಚಾಚಿಸಿ ಕೂಡಿಸಿದ್ದರು. ಅಲ್ಲಿಯೇ ಬುತ್ತಿ ಉಂಡರು. ಅಪರಾಧ ಇಷ್ಟಕ್ಕೆ ಭಾರವಾಗುವುದಿಲ್ಲ ಅನ್ನಿಸಿತು. ಅದಕ್ಕೆ ಇನ್ನೊಂದು ಸಾಲು ಸೇರಿಸಿದೆ: ಮುಂದಿನ ಸೀಟಿನಲ್ಲಿ ಅಂಜೂರಿ ಬಣ್ಣದ ಸೀರೆ ಉಟ್ಟ, ಕಂಪನಿ ಕೆಲಸಕ್ಕೆ ಏನೂ ಸಂಬಂಧವಿಲ್ಲದ ಒಬ್ಬ ಹೆಂಗಸೂ ಇದ್ದಳು.

ನನ್ನನ್ನೇ ಬರೆದುಕೊಂಡೆ. ಆಗ ಅದು ಜಾಣತನ ಅನ್ನಿಸಿತ್ತು. ಟಪಾಲು ಪೆಟ್ಟಿಗೆಗೆ ಹಾಕಿ ಬಂದು, ಚಹಾ ಮಾಡಿಕೊಂಡು ಕುಡಿದೆ. ಅವ್ವನ ಮೊಣಕಾಲು ನನ್ನ ತಲೆಗೇ ಬರಲಿಲ್ಲ, ದೇವರಾಣೆ.

ಮೂರು ವಾರ ಕಳೆದಿರಬಹುದು. ಹುಬ್ಬಳ್ಳಿಯಿಂದ ಮ್ಯಾನೇಜರು ಬಂದರು. ನಮ್ಮ ಮನೆಯ ಮುಂದಿನ ಕೋಣೆಯೇ ನನ್ನವರ ಆಫೀಸು. ನಾನು ಅಡುಗೆಮನೆಯಲ್ಲಿ ಅವರಿಗೆ ಅವಲಕ್ಕಿ ಹಚ್ಚುತ್ತಿದ್ದೆ, ಮಾತೆಲ್ಲ ಕೇಳಿಸುತ್ತಿತ್ತು.

"ನಿಮ್ಮ ಷಡ್ಡಕರ ಮ್ಯಾಲ ಒಂದು ಮೂಗರ್ಜಿ ಬಂದೈತ್ರಿ" ಎಂದರು ಮ್ಯಾನೇಜರು. "ಖರೇ ಇದ್ರ ಬಾಡಿಗಿ ಕರಾರು ರದ್ದು. ನೌಕರಿ ಮ್ಯಾಲೂ ಬರಬಹುದು. ಅವರನ್ನ ಕೇಳೋಕಿಂತ ಮೊದಲ ನಿಮ್ಮನ್ನ ಕೇಳೋಣಂತ ಬಂದೆ. ನೀವು ಸುಳ್ಳು ಹೇಳಾವ್ರಲ್ಲ."

ಕಾಗದ ಬಿಚ್ಚಿದ ಸಪ್ಪಳ ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಒಂದು ಪುಟದ ಕಾಗದ ಅದು, ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ನಾನು ಅವಲಕ್ಕಿಯಲ್ಲಿ ಕೈ ಇಟ್ಟುಕೊಂಡು ಹಾಗೇ ನಿಂತೆ.

"ಆ ದಿನ ನಾನ ಕಳಿಸಿದ್ದೆ ಸರ್" ಎಂದರು ನನ್ನವರು. ದನಿ ಸಹಜವಾಗಿತ್ತು. "ಕಾಗಿನೆಲಿ ಹತ್ರ ನನ್ನ ಎರಡು ಹೊಲ ನೋಡೋದಿತ್ತು. ನನಗ ಆಗಲಿಲ್ಲ, ನೀವು ನೋಡಿ ಬರ್ರಿ ಅಂದೆ. ಹೆಂಗೂ ಹೊಂಟಾರಂತ ಮನಿಯವ್ರು ಗಾಡ್ಯಾಗ ಕುಂತಿದ್ರು."

"ನೀವು ಹೇಳಿದ್ರ ಮುಗೀತ್ರಿ" ಎಂದರು ಮ್ಯಾನೇಜರು. "ಆದ್ರ ಅವರಿಗೆ ತಿಳಿಸಿ ಹೇಳ್ರಿ. ಇನ್ನ ಮ್ಯಾಲ ಕೆಲಸದ ದಿನ ಗಾಡ್ಯಾಗ ಮನಿ ಮಂದಿ ಕಂಡ್ರ ನನ್ನ ಕೈಯಾಗ ಏನೂ ಇರಂಗಿಲ್ಲ."

ಅವಲಕ್ಕಿ ತಿಂದು, ಛಲೋ ಆಗೇತ್ರಿ ಎಂದು ಹೇಳಿ ಅವರು ಹೋದರು. ನನ್ನವರು ಒಳಗೆ ಬಂದು ನೀರು ಕುಡಿದರು. ಲೋಟ ಇಟ್ಟು, ನನ್ನ ಮುಖ ನೋಡದೆ ಹೇಳಿದರು: "ಮುಂದಿನ ಸೀಟಿನ್ಯಾಗ ಕುಂತಾಕಿ ಅಂಜೂರಿ ಬಣ್ಣದ ಸೀರಿ ಉಟ್ಟಿದ್ಲಂತ. ಆ ಸೀರಿ ನಾ ತಂದದ್ದು."

ಅವರು ಬೈದಿದ್ದರೆ ನಾನೂ ಏನಾದರೂ ಬೈಯಬಹುದಿತ್ತು. ಬೈಯಲಿಲ್ಲ.

"ಇಷ್ಟು ವರ್ಷದಾಗ ಒಂದು ಸುಳ್ಳು ಹೇಳಿದ್ದಿಲ್ಲ" ಎಂದರು. "ಇವತ್ತ ಹೇಳಿದೆ. ಆತನ ಗಾಡಿ ಉಳಿಸಾಕ ಅಂತ ತಿಳಕೋಬ್ಯಾಡ. ವಿಚಾರಣೆ ಆಗಿ ಆ ಕಾಗದ ಅವರ ಕೈಗೆ ಹೋಗಿ, ಬರದಾಕಿ ಯಾರಂತ ಗೊತ್ತಾದ್ರ ಅಕ್ಕ ತಂಗಿ ನೀವಿಬ್ಬರೂ ಮತ್ತ ಒಂದ ತಾಟಿನ್ಯಾಗ ಉಣ್ಣಂಗಿಲ್ಲ." ಅಷ್ಟು ಹೇಳಿ ಹೊಲಕ್ಕೆ ಹೋದರು. ಈ ವಿಷಯವನ್ನು ಅವರು ಮತ್ತೆ ಯಾವತ್ತೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ತಂಗಿ ಬಂದಳು, ಬಸ್ಸಿನಲ್ಲಿ. ಬಂದವಳೇ ಕೂಸನ್ನು ಚಾಪೆಯ ಮೇಲೆ ಮಲಗಿಸಿ, ನನ್ನ ತೊಡೆಯ ಮೇಲೆ ತಲೆ ಇಟ್ಟು ಅತ್ತಳು. "ಮಾವಾರು ಮ್ಯಾನೇಜರ ಮುಂದ ನಮ್ಮ ಪರ ಹೇಳಲಿಲ್ಲಂದ್ರ ನಾವು ಬೀದಿಗೆ ಬರ್ತಿದ್ವಿ ಅಕ್ಕ. ಇವ್ರು ಅಂಜಿ ಬಿಟ್ಟಾರ, ಇನ್ನ ಕೆಲಸದ ದಿನ ಯಾರನ್ನೂ ಹತ್ತಸಂಗಿಲ್ಲ ಅಂತಾರ. ಯಾರಿಗೆ ನಮ್ಮ ಮ್ಯಾಲ ಇಷ್ಟು ಹೊಟ್ಟಿಕಿಚ್ಚು? ಬರದವರ ಕೈಗೆ ಹುಳಾ ಬೀಳಲಿ." ತಲೆ ಎತ್ತಿ ನನ್ನ ಮುಖ ನೋಡಿದಳು. "ನೀನೂ ಅನ್ನು ಅಕ್ಕ."

"ಬೀಳಲಿ" ಎಂದೆ. ಆ ಕೈ ಅವಳ ಬೆನ್ನು ಸವರುತ್ತಿತ್ತು. ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಗೊತ್ತಾಗಲಿ. ಆ ದಿನ ಬಾಯಿ ಬಿಡುವ ಧೈರ್ಯ ನನಗಿರಲಿಲ್ಲ.

ಬುಧವಾರದ ಡಾಕ್ಟರು ಮಾತ್ರ ಬುಧವಾರವೇ ಬರುತ್ತಿದ್ದರು. ಅಣ್ಣನಿಗೆ ಅಂಗಡಿ ಬಿಡಲಾಗುತ್ತಿರಲಿಲ್ಲ, ತಂಗಿಗೆ ಎದೆಹಾಲು ಕುಡಿಯುವ ಕೂಸು. ನಾನು ಹೋಗುತ್ತೇನೆ ಎಂದೆ. ಯಾರೂ ಕೇಳುವ ಮೊದಲೇ ಎಂದೆ. ಎಲ್ಲರೂ ಹೊಗಳಿದರು, ನನ್ನವರೊಬ್ಬರನ್ನು ಬಿಟ್ಟು.

ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಒಂದು ಬಸ್ಸು, ಅಲ್ಲಿಂದ ಅವ್ವನನ್ನು ಕರೆದುಕೊಂಡು ಹಾವೇರಿಗೆ ಇನ್ನೊಂದು. ಬಸ್ಸಿನ ಮೊದಲನೇ ಮೆಟ್ಟಿಲು ಎಷ್ಟು ಎತ್ತರ ಎಂದು ಎರಡು ವರ್ಷ ಬಸ್ಸಿನಲ್ಲೇ ತಿರುಗಿದ ನನಗೂ ಆವರೆಗೆ ಕಂಡಿರಲಿಲ್ಲ. ಅವ್ವ ಎರಡೂ ಕೈಯಿಂದ ಸರಳು ಹಿಡಿದು, ಒಂದು ಕಾಲು ಎತ್ತಿ ಇಟ್ಟು, ಇನ್ನೊಂದನ್ನು ಎಳೆಯಲಾಗದೆ ಹಾಗೇ ನಿಂತಳು. ಕಂಡಕ್ಟರ್, "ಲಗೂ ಹತ್ತಬೇ ಯವ್ವಾ" ಎಂದ. ನಾನು ಹಿಂದಿನಿಂದ ಸೊಂಟ ಹಿಡಿದು ಎತ್ತಿದೆ. ಅವಳು ನರಳಿದ್ದು ನನ್ನೊಬ್ಬಳಿಗೇ ಕೇಳಿಸಿತು. ಕೂಡಲು ಸೀಟು ಸಿಕ್ಕಿತು, ಕಾಲು ಚಾಚಲು ಜಾಗವಿರಲಿಲ್ಲ. ಪ್ರತಿ ತಗ್ಗಿಗೂ ಅವಳ ಮೊಣಕಾಲು ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯುತ್ತಿತ್ತು.

ಎದುರಿಗೆ ಕುಳಿತಿದ್ದ ಮುದುಕಿಯೊಬ್ಬಳು, "ಯಾರಬೇ ಇಕಿ?" ಎಂದು ಕೇಳಿದಳು.

ಅವ್ವ ನನ್ನ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡಳು. "ನನ್ನ ದೊಡ್ಡ ಮಗಳು" ಎಂದಳು. "ಸಣ್ಣಾಕಿ ಗಾಡಿ ಇತ್ತು, ಯಾರದೋ ಕಣ್ಣು ಬಿತ್ತು. ಇರ್ಲಿ ಬಿಡು. ಇಕಿ ಇದ್ದಾಳಂತ ನನ್ನ ಜೀವನ ನಡೀತು."

ನಾನು ಅವಳ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡು, ಅವಳ ಮೊಣಕಾಲಿಗೂ ಆ ಕಬ್ಬಿಣಕ್ಕೂ ನಡುವೆ ಇಟ್ಟೆ. ಹಾವೇರಿ ಬರುವವರೆಗೂ ತೆಗೆಯಲಿಲ್ಲ.